ಬಲ್ಗೇರಿಯಾದ ಬಿಸ್ತ್ರಿತ್ಸಾ ಅಜ್ಜಿಯರು: ಒಬ್ಬರೇ ಹಾಡಲಾಗದ ಹಾಡುಗಳು

ಬಲ್ಗೇರಿಯಾದ ರಾಜಧಾನಿ ಸೋಫಿಯಾ ಸಮೀಪ, ವಿತೋಶಾ ಪರ್ವತದ ಇಳಿಜಾರಿನಲ್ಲಿರುವ ಊರು ಬಿಸ್ತ್ರಿತ್ಸಾ. ಇಲ್ಲಿನ ಹಿರಿಯ ಮಹಿಳೆಯರ ಹಾಡುಗಾರಿಕೆಯ ತಂಡವೇ 'ಬಿಸ್ತ್ರಿತ್ಸಾ ಬಾಬಿ'. ಬಲ್ಗೇರಿಯನ್ ಭಾಷೆಯಲ್ಲಿ 'ಬಾಬಾ' ಎಂದರೆ ಅಜ್ಜಿ, 'ಬಾಬಿ' ಎಂದರೆ ಅಜ್ಜಿಯರು. ಹಿಂದಿಯ ಬಾಬಾ, ಭಾಭಿಗೂ ಇದಕ್ಕೂ ಸಂಬಂಧವಿಲ್ಲ.

ಸ್ಲಾವ್ ಜನಾಂಗಗಳ ಸಾಮೂಹಿಕ ಗಾಯನದಲ್ಲಿ ಬಹಳ ಹಳೆಯ ಬಗೆಯೊಂದನ್ನು ಈ ಅಜ್ಜಿಯರು ಉಳಿಸಿಕೊಂಡು ಬಂದಿದ್ದಾರೆ. ಅವರ ಹಾಡು, ಕುಣಿತ ಮತ್ತು ಆಚರಣೆಗಳನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಮೇರು ಪರಂಪರೆಗಳಲ್ಲಿ ಒಂದೆಂದು ಘೋಷಿಸಿತು. 2008ರಲ್ಲಿ ಅವು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು.

ಹಾಡುವ ಬಗೆ ಹೇಗೆ?

ಸೋಫಿಯಾ ಸುತ್ತಲಿನ ಈ ಸೀಮೆಗೆ ಶೋಪ್ಲುಕ್ ಎಂದು ಹೆಸರು. ಇಲ್ಲಿ ಒಬ್ಬರು ಅಥವಾ ಇಬ್ಬರು ರಾಗ ಎತ್ತಿಕೊಳ್ಳುತ್ತಾರೆ. ಉಳಿದವರು ಒಂದೇ ಸ್ವರವನ್ನು ಬಿಡದೆ ಹಿಡಿದಿರುತ್ತಾರೆ. ಸಂಗೀತ ಕಛೇರಿಯಲ್ಲಿ ತಂಬೂರಿ ಮಾಡುವ ಕೆಲಸವನ್ನು ಇಲ್ಲಿ ಮನುಷ್ಯರ ಕಂಠವೇ ಮಾಡುತ್ತದೆ ಎನ್ನಬಹುದು.

ಆದರೆ ಒಂದು ವ್ಯತ್ಯಾಸವಿದೆ. ರಾಗ ಹಾಡುವವರು ಆಧಾರ ಸ್ವರಕ್ಕೆ ತೀರಾ ಹತ್ತಿರದ ಸ್ವರದಲ್ಲಿ ಬೇಕೆಂದೇ ನಿಲ್ಲುತ್ತಾರೆ. 'ಸ' ಮತ್ತು 'ರಿ' ಒಟ್ಟಿಗೆ ಮೊಳಗಿದಂತೆ ಕೇಳಿಸುತ್ತದೆ. ಹೊಸಬರ ಕಿವಿಗೆ ಇದು ಅಪಸ್ವರವೆನಿಸಬಹುದು. ಶೋಪ್ ಹಾಡುಗಾರ್ತಿಯರಿಗೆ ಆ ಘರ್ಷಣೆಯಿಂದ ಹುಟ್ಟುವ ಕಂಪನವೇ ಹಾಡಿನ ಸೊಗಸು. ಮಧ್ಯೆ ಮಧ್ಯೆ ಕೂಗಿನಂತೆ ದನಿ ಮೇಲಕ್ಕೆ ಚಿಮ್ಮುವುದಕ್ಕೆ 'ಇಜ್ವಿಕ್ವಾ' ಎನ್ನುತ್ತಾರೆ.

ಹೀಗಾಗಿ ಈ ಹಾಡುಗಳನ್ನು ಒಬ್ಬರೇ ಹಾಡಿದರೆ ಪದ ಮತ್ತು ಧಾಟಿ ಮಾತ್ರ ಉಳಿಯುತ್ತವೆ. ಎರಡು ದನಿಗಳ ನಡುವಿನ ಕಂಪನ ಸಿಗುವುದಿಲ್ಲ.

ಕುಣಿತ ಮತ್ತು ಲಾಜರೂವನೆ

ಹಾಡಿನ ಜೊತೆ 'ಹೊರೊ' ಎಂಬ ಕುಣಿತವಿರುತ್ತದೆ. ಮಹಿಳೆಯರು ಒಬ್ಬರು ಮತ್ತೊಬ್ಬರ ಸೊಂಟಪಟ್ಟಿ ಹಿಡಿದು, ಹಗುರ ಹೆಜ್ಜೆಯಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಾರೆ.

'ಲಾಜರೂವನೆ' ವಸಂತ ಕಾಲದ ಆಚರಣೆ. ಈಸ್ಟರ್‌ಗೆ ಎಂಟು ದಿನ ಮೊದಲು ಬರುವ ಶನಿವಾರ ಹುಡುಗಿಯರು ಅಲಂಕರಿಸಿಕೊಂಡು, ಮನೆ ಮನೆಗೆ ಹೋಗಿ ಹಾಡುತ್ತಾರೆ. ಮನೆಯವರು ಅವರಿಗೆ ಮೊಟ್ಟೆ ಮುಂತಾದವನ್ನು ಕೊಡುತ್ತಾರೆ. ಇದರಲ್ಲಿ ಪಾಲ್ಗೊಂಡ ಹುಡುಗಿ ಮದುವೆಯ ವಯಸ್ಸಿಗೆ ಬಂದಳು ಎಂಬುದು ಹಿಂದಿನ ಲೆಕ್ಕ.

ವೇದಿಕೆ ಏರಿದ ಹಾಡು

ಸಂಯೋಜಕ ಫಿಲಿಪ್ ಕೂತೆವ್ 1951ರಲ್ಲಿ ಸರ್ಕಾರಿ ಜಾನಪದ ತಂಡ ಕಟ್ಟಿದರು. ಹಳ್ಳಿಯ ಹಾಡುಗಳನ್ನು ದೊಡ್ಡ ಗಾಯನವೃಂದಕ್ಕೆ ಹೊಂದಿಸಿ ಬರೆದರು. ಇಂಥ ವೃಂದಗಾನವನ್ನು ಸ್ವಿಟ್ಜರ್ಲೆಂಡ್‌ನ ಮಾರ್ಸೆಲ್ ಸೆಲಿಯೆ 1975ರಲ್ಲಿ ಧ್ವನಿಮುದ್ರಿಕೆಯಾಗಿ ಹೊರತಂದರು. ಆ ಸರಣಿಯ ಎರಡನೇ ಸಂಪುಟಕ್ಕೆ 1990ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಜಗತ್ತು ಮೆಚ್ಚಿದ 'ಬಲ್ಗೇರಿಯನ್ ದನಿ' ಬಹುಮಟ್ಟಿಗೆ ಈ ಪರಿಷ್ಕೃತ ರೂಪವೇ. ಬಿಸ್ತ್ರಿತ್ಸಾದ ಅಜ್ಜಿಯರದ್ದು ಅದಕ್ಕೂ ಹಿಂದಿನ, ಬರಹಕ್ಕಿಳಿಯದ ಹಳ್ಳಿಯ ಪಾಠ.

ಉಳಿವಿನ ಪ್ರಶ್ನೆ

ಕೊಯ್ಲು, ಹಬ್ಬ, ಮದುವೆಗಳ ಭಾಗವಾಗಿದ್ದ ಈ ಗಾಯನ ಈಗ ಹೆಚ್ಚಾಗಿ ವೇದಿಕೆಯಲ್ಲೇ ಕೇಳಿಸುತ್ತದೆ. ಧ್ವನಿಮುದ್ರಣದಿಂದ ಧಾಟಿ ಕಲಿಯಬಹುದು. ಪಕ್ಕದವರ ದನಿಗೆ ತಾಗಿಯೂ ತಾಗದಂತೆ ತನ್ನ ದನಿ ನಿಲ್ಲಿಸುವುದನ್ನು ಜೊತೆಯಲ್ಲಿ ನಿಂತೇ ಕಲಿಯಬೇಕು. ಆದ್ದರಿಂದಲೇ ಕಿರಿಯರಿಗೆ ಕಲಿಸುವುದು ಈ ತಂಡಕ್ಕೆ ಪ್ರದರ್ಶನದಷ್ಟೇ ಮುಖ್ಯ.