ಯುಡಿಐಡಿ ಕಾರ್ಡ್ ತೋರಿಸಿದರೆ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತವೇ?

ಇಲ್ಲ. ಯುಡಿಐಡಿ ವಿಕಲಚೇತನರ ಗುರುತಿನ ಚೀಟಿ, ಚಿಕಿತ್ಸೆಯ ಬಿಲ್ ಕಟ್ಟುವ ವಿಮೆಯಲ್ಲ. ಕಾಪು, ಕಾರ್ಕಳದಿಂದ ಮಣಿಪಾಲದ ಖಾಸಗಿ ಆಸ್ಪತ್ರೆಗೆ ಹೊರಡುವವರು ಇದನ್ನು ಮೊದಲೇ ತಿಳಿದಿರಬೇಕು.

ಉಚಿತ ಚಿಕಿತ್ಸೆಗೆ ಇರುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಕಾರ್ಕಳದ ತಾಲೂಕು ಆಸ್ಪತ್ರೆ ಅಥವಾ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಹಾಗಾದರೆ ಕಾನೂನು ಏನು ಕೊಟ್ಟಿದೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 25ನ್ನು ನಾವು ನೋಡಿದೆವು. ಉಚಿತ ಆರೋಗ್ಯ ಸೇವೆಯ ಮಾತು ಅಲ್ಲಿದೆ, ಆದರೆ ಅದಕ್ಕೆ ಕುಟುಂಬದ ಆದಾಯದ ಮಿತಿ ಇದೆ. ಆದಾಯದ ಮಿತಿಯಿಲ್ಲದೆ ಹೇಳಿರುವುದು ಎರಡು:

• ಸರ್ಕಾರಿ, ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ.
• ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ.

ಅಂದರೆ ಬಾಗಿಲಲ್ಲಿ ರ‍್ಯಾಂಪ್ ಇದ್ದರೆ ಸಾಲದು. ಎಕ್ಸ್‌ರೇ ಕೋಣೆಗೂ ಶೌಚಾಲಯಕ್ಕೂ ವೀಲ್‌ಚೇರ್ ಹೋಗಬೇಕು. ಓಪಿಡಿ ಸಾಲಿನಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಸೆಕ್ಷನ್ 25ನ್ನು ಹೆಸರಿಸಿ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

‘ಎಲ್ಲವೂ ಉಚಿತ’ ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಅದರ ಬದಲು ಈ ಎರಡು ಹಕ್ಕುಗಳನ್ನು ಫಾರ್ವರ್ಡ್ ಮಾಡಿ.