ದನಕ್ಕೆಂದು ಕಾಯ್ದ ಹುಲ್ಲು: ಅಮೃತಮಹಲ್ ಕಾವಲುಗಳು ಮತ್ತು ಬಯಲಿನ ವನ್ಯಜೀವಿಗಳು

ಕರ್ನಾಟಕದ ವನ್ಯಜೀವಿಗಳ ಚರಿತ್ರೆ ಬರೆದವರೆಲ್ಲ ಹೆಚ್ಚಾಗಿ ಕಾಡಿನಿಂದಲೇ ಶುರು ಮಾಡಿದ್ದಾರೆ. ಬಂಡೀಪುರ, ನಾಗರಹೊಳೆ, ಭದ್ರಾ; ಹುಲಿ, ಆನೆ, ಕಾಟಿ. ಆ ಚರಿತ್ರೆ ಸುಳ್ಳಲ್ಲ, ಆದರೆ ಅರ್ಧ. ಘಟ್ಟದ ಮಳೆ ತಲುಪದ ಒಣನಾಡಿನಲ್ಲಿ, ತುಮಕೂರು, ಚಿತ್ರದುರ್ಗ, ಹಾಸನ ಮತ್ತು ಚಿಕ್ಕಮಗಳೂರಿನ ಬಯಲುಸೀಮೆಯಲ್ಲಿ, ಮರಕ್ಕಿಂತ ಹುಲ್ಲೇ ಮುಖ್ಯವಾದ ಇನ್ನೊಂದು ವನ್ಯಲೋಕವಿತ್ತು. ಕೃಷ್ಣಮೃಗ, ತೋಳ, ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಗೌಜಲಕ್ಕಿ, ನೆಲಗುಬ್ಬಿಗಳ ಲೋಕ ಅದು. ಅದನ್ನು ಮುನ್ನೂರು ವರ್ಷ ಉಳಿಸಿದ್ದು ಅರಣ್ಯ ಇಲಾಖೆಯಲ್ಲ, ದನದ ಇಲಾಖೆ. ಈ ಲೇಖನ ಆ ಸಂಗತಿಯ ಬೆನ್ನು ಹತ್ತಿ ಹೊರಟದ್ದು.

‘ಕಾವಲು’ ಎಂಬ ಮಾತಿನಿಂದಲೇ ತೊಡಗಬೇಕು. ಹಳೆ ಮೈಸೂರಿನಲ್ಲಿ ಕಾವಲು ಎಂದರೆ ಕಾಯುವ ಕೆಲಸವೂ ಹೌದು, ಕಾಯ್ದಿರಿಸಿದ ಹುಲ್ಲಿನ ನೆಲವೂ ಹೌದು. ಬೆಂಗಳೂರಿನ ಕಾವಲ್ ಬೈರಸಂದ್ರದಂಥ ಹೆಸರುಗಳಲ್ಲಿ ನೆಲ ಹೋಗಿ ಮಾತು ಮಾತ್ರ ಉಳಿದಿದೆ. ಗೋಮಾಳವೇ ಬೇರೆ, ಕಾವಲೇ ಬೇರೆ. ಗೋಮಾಳ ಊರಿನದು, ಊರ ದನಕ್ಕೆ ಬಿಟ್ಟದ್ದು. ಕಾವಲು ಅರಮನೆಯದು, ಅಲ್ಲಿ ಯಾವ ಹಿಂಡು, ಯಾವ ಕಾಲದಲ್ಲಿ, ಎಷ್ಟು ದಿನ ಮೇಯಬೇಕೆಂಬ ಕಟ್ಟಳೆಯಿತ್ತು. ಈ ವ್ಯತ್ಯಾಸವನ್ನು ಮರೆತು ಎರಡನ್ನೂ ‘ಹುಲ್ಲುಗಾವಲು’ ಎಂದು ಒಂದೇ ಬುಟ್ಟಿಗೆ ಹಾಕಿದ್ದರಿಂದ ಚರ್ಚೆಯಲ್ಲಿ ಎಷ್ಟೋ ಗೊಂದಲ ಹುಟ್ಟಿದೆ.

ಈ ಸೀಮೆಯಲ್ಲಿ ದನಗಾಹಿತನ ಅರಸೊತ್ತಿಗೆಗಳಿಗಿಂತ ಹಳೆಯದು. ತುರುಗೊಳ್ (ದನ ಸೆಳೆಯುವ) ಕಾಳಗದಲ್ಲಿ ಮಡಿದವರ ವೀರಗಲ್ಲುಗಳು ಊರೂರಲ್ಲಿ ನಿಂತಿವೆ. ಹಿಂಡಿಗಾಗಿ ಜೀವ ಕೊಟ್ಟವನಿಗೆ ಕಲ್ಲು ನೆಡುವ ಸಮಾಜದಲ್ಲಿ ಹುಲ್ಲಿನ ನೆಲಕ್ಕೆ ಬೆಲೆ ಇಲ್ಲದೆ ಇರಲು ಸಾಧ್ಯವೇ ಇಲ್ಲ. ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನನ್ನು ಹಾಡುವುದೂ, ಚಳ್ಳಕೆರೆ ಸೀಮೆಯ ಮ್ಯಾಸನಾಯಕರು ದೇವರ ಎತ್ತುಗಳನ್ನು ಕಿಲಾರಿಗಳೆಂಬ ದನಗಾಹಿಗಳ ಕೈಯಲ್ಲಿಟ್ಟು ಸಾಕುವುದೂ ಇದೇ ಬದುಕಿನ ಮುಂದುವರಿಕೆ.

ಅರಮನೆಯ ಹಿಂಡಿನ ಕತೆ ಶ್ರೀರಂಗಪಟ್ಟಣದಲ್ಲಿ ಆರಂಭವಾಗುತ್ತದೆ. ವಿಜಯನಗರದ ಪ್ರತಿನಿಧಿಯ ಬಳಿ ಇದ್ದ ಹಳ್ಳಿಕಾರ್ ತಳಿಯ ಹಿಂಡು ಮೈಸೂರು ಒಡೆಯರ ಕೈಗೆ ಬಂತು. ಅದಕ್ಕೆ ಕರುಹಟ್ಟಿ ಎಂಬ ಹೆಸರಿತ್ತು. ಚಿಕ್ಕದೇವರಾಜ ಒಡೆಯರು (1672–1704) ಹಿಂಡನ್ನು ಬೆಳೆಸಿ, ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಗೊತ್ತುಮಾಡಿ, ಇಡೀ ವ್ಯವಸ್ಥೆಯನ್ನು ‘ಬೆಣ್ಣೆಚಾವಡಿ’ ಎಂದು ಕರೆದರು. ಹೆಸರೇ ಹೇಳುವಂತೆ ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಮೊದಲ ಕೆಲಸ. ಹೈದರಾಲಿಯ ಕಾಲಕ್ಕೆ ಹಾಲು ಹಿಂದಾಗಿ ಫಿರಂಗಿ ಮುಂದಾಯಿತು. ತೋಪು ಎಳೆಯಲು, ದಂಡಿನ ಸಾಮಾನು ಹೊರಲು ಹಗುರ ಮೈಯ, ಉದ್ದ ಕೊಂಬಿನ, ದಣಿವರಿಯದ ಎತ್ತುಗಳು ಬೇಕಾದವು. ಟಿಪ್ಪು ಸುಲ್ತಾನ್ ಇದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಹಿಂಡಿನ ಪಾಲನೆಗೆ ಹುಕುಂನಾಮೆ ಹೊರಡಿಸಿದ. ಅವನ ಕಾಲದ ಕಾವಲುಗಳ ವಿಸ್ತಾರ ಸುಮಾರು 4 ಲಕ್ಷ ಎಕರೆ.

1799ರ ನಂತರ ಹಿಂಡು ಬ್ರಿಟಿಷರ ವಶವಾಯಿತು. ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಅವನ ಸಾಮಾನು ಹೊತ್ತದ್ದು ಮೈಸೂರಿನ ಎತ್ತುಗಳೇ. ಆದರೆ ಸಾಕುವುದನ್ನು ಅಲಕ್ಷಿಸಿದ್ದರಿಂದ ಹಿಂಡು ಕ್ಷೀಣಿಸಿತು. 1813ರಲ್ಲಿ ಕ್ಯಾಪ್ಟನ್ ಹಾರ್ವಿಯನ್ನು ನೇಮಿಸಿ ಹುಣಸೂರನ್ನು ಕೇಂದ್ರವಾಗಿಸಿ ಮತ್ತೆ ಎತ್ತಿ ನಿಲ್ಲಿಸಬೇಕಾಯಿತು. ಖರ್ಚು ಉಳಿಸುವ ನೆಪದಲ್ಲಿ 1860ರಲ್ಲಿ ಹಿಂಡನ್ನು ಮಾರಿದರು. ದಂಡಿಗೆ ಎತ್ತು ಸಿಗದೆ ಪೇಚಿಗೆ ಸಿಕ್ಕು, ಆರು ವರ್ಷದಲ್ಲಿ ಮತ್ತೆ ಕಟ್ಟಿದರು. ಬ್ರಿಟಿಷರ ಆಡಳಿತದಲ್ಲಿದ್ದ ರಾಜ್ಯ ಒಡೆಯರ ಕೈಗೆ ಮರಳಿದ ಮೇಲೆ ಅಮೃತಮಹಲೂ ಮೈಸೂರು ಸರ್ಕಾರಕ್ಕೆ ಬಂತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರಾಗಿ ವಿಂಗಡಿಸಿದ ವಿವರ ಬರುತ್ತದೆ. ಬೇಸಿಗೆ ಕಾವಲಿನಲ್ಲಿ ನೆರಳಿಗೆ ಮರವಿರಬೇಕು, ನೀರು ಇಂಗಿದ ಕೆರೆಯಂಗಳದಲ್ಲಿ ಹಸಿರು ಚಿಗುರಿರಬೇಕು. ಮಳೆ ಬಿದ್ದೊಡನೆ ಹಿಂಡು ಅಲ್ಲಿಂದ ಏಳಬೇಕು. ಹೀಗೆ ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಕಾವಲುಗಳ ದೊಡ್ಡದೊಂದು ಪಾಲು ಬಿಡುವಿನಲ್ಲಿರುತ್ತಿತ್ತು, ಕಾವಲುಗಾರ ಮಾತ್ರ ಅಲ್ಲಿರುತ್ತಿದ್ದ. ಹುಲ್ಲು ತೆನೆ ಕಟ್ಟಿ ಬೀಜ ಉದುರಿಸಲು ಸಮಯ ಸಿಗುತ್ತಿತ್ತು.

ಇದನ್ನು ಎರೆಭೂತದ ಬದುಕಿನ ಪಕ್ಕ ಇಟ್ಟು ನೋಡಿ. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ ಈ ಹಕ್ಕಿಯ ಗಂಡು 15 ಕಿಲೋ ತನಕ ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದು. ಮುಂಗಾರಿನಲ್ಲಿ ಗಂಡು ಬಯಲಿನ ದಿಬ್ಬದ ಮೇಲೆ ನಿಂತು ಕೊರಳ ಚೀಲ ಉಬ್ಬಿಸಿ ಮೊರೆಯುತ್ತದೆ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಆ ಒಂದು ಮೊಟ್ಟೆಯನ್ನು ದನದ ಗೊರಸು ತುಳಿದರೆ ಆ ವರ್ಷದ ಸಂತಾನ ಮುಗಿದಂತೆಯೇ. ಮಳೆಗಾಲದಲ್ಲಿ ಬರಿದಾಗಿರುತ್ತಿದ್ದ ಬೇಸಿಗೆ ಕಾವಲುಗಳು ನೆಲದಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ತಕ್ಕ ಆಸರೆಯಾಗಿದ್ದವೆಂಬುದು ನನ್ನ ನಿಲುವು. ಯಾರೂ ಹಕ್ಕಿಗೆಂದು ಈ ಕಟ್ಟಳೆ ಮಾಡಲಿಲ್ಲ. ದನದ ಹೊಟ್ಟೆ ಲೆಕ್ಕ ಹಾಕಿ ಮಾಡಿದ ಕಟ್ಟಳೆ ಹಕ್ಕಿಯನ್ನೂ ಉಳಿಸಿತು.

ಹಾಗೆಂದು ಆ ಕಾಲವನ್ನು ಹೊಗಳಿ ಹಾಡುವಂತಿಲ್ಲ. ಕಾವಲಿನ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಹಿಡಿಯಲು ಅರಸರು ಪಳಗಿಸಿದ ಸಿವಂಗಿಗಳನ್ನು (ಚೀತಾ) ಸಾಕುತ್ತಿದ್ದರು; ಟಿಪ್ಪುವಿನ ಬೇಟೆ ಸಿವಂಗಿಗಳು ಅವನ ನಂತರ ಬ್ರಿಟಿಷರಿಗೆ ಸೇರಿದವು. ಪಂಜರದಲ್ಲಿ ಮರಿ ಹಾಕುವುದು ತೀರ ಅಪರೂಪವಾಗಿದ್ದ ಈ ಪ್ರಾಣಿಯನ್ನು ಬಯಲಿನಿಂದ ಹಿಡಿದು ತಂದೇ ಪಳಗಿಸಬೇಕಿತ್ತು, ಹೀಗಾಗಿ ಬಯಲು ಬರಿದಾಗುತ್ತ ಬಂತು. 1947ರಲ್ಲಿ ಇಂದಿನ ಛತ್ತೀಸಗಢದ ಕೊರಿಯಾ ಸಂಸ್ಥಾನದಲ್ಲಿ ಮೂರು ಸಿವಂಗಿಗಳು ಗುಂಡಿಗೆ ಬಲಿಯಾದವು. 1952ರಲ್ಲಿ ಸರ್ಕಾರವೇ ಭಾರತದಲ್ಲಿ ಸಿವಂಗಿ ನಿರ್ನಾಮವಾಯಿತೆಂದು ಸಾರಿತು. ತೋಳನ ತಲೆಗೆ ಬ್ರಿಟಿಷ್ ಇಂಡಿಯಾದಲ್ಲಿ ಇನಾಮು ಇತ್ತು. ಎರೆಭೂತದ ಲೆಕ್ಕವಂತೂ ಎದೆ ಒಡೆಯುವಂಥದು: ಅಹಮದ್‌ನಗರ ಜಿಲ್ಲೆಯೊಂದರಲ್ಲೇ ಮ್ಯಾನ್ಸ್‌ಫೀಲ್ಡ್ ಎಂಬೊಬ್ಬ ಬೇಟೆಗಾರ 1809ರಿಂದ 1829ರ ನಡುವೆ 961 ಹಕ್ಕಿಗಳನ್ನು ಹೊಡೆದುರುಳಿಸಿದ. ಇಂದು ದೇಶದಲ್ಲೆಲ್ಲ ಹುಡುಕಿದರೂ ಸಹಜ ನೆಲೆಯಲ್ಲಿ ಅವು 150ರ ಆಸುಪಾಸು.

ಬೇಟೆಗೂ ಮಿಗಿಲಾದ ಪೆಟ್ಟು ಕೊಟ್ಟದ್ದು ಒಂದು ಶಬ್ದ. ಕಂದಾಯದ ಲೆಕ್ಕದಲ್ಲಿ ಉಳುಮೆಯಿಲ್ಲದ, ತೆರಿಗೆ ಕೊಡದ ನೆಲಕ್ಕೆ ‘ಖರಾಬು’ ಎಂದು ಬರೆಯುತ್ತಾರೆ. ಅದೇ ‘ಬಂಜರು’, ‘ಪಾಳು’. ವಸಾಹತು ಆಡಳಿತ ಬಿತ್ತಿದ ಈ ಎಣಿಕೆ ಸ್ವಾತಂತ್ರ್ಯಾನಂತರವೂ ಅಳಿಯಲಿಲ್ಲ, ಬಲವಾಯಿತು. 1985ರಲ್ಲಿ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಳಿ ಬಂತು. 2000ದಿಂದ ಉಪಗ್ರಹ ಚಿತ್ರಗಳ ಆಧಾರದ ಬಂಜರುಭೂಮಿ ನಕಾಶೆಗಳು ಪ್ರಕಟವಾದವು, ಹುಲ್ಲು ಮತ್ತು ಕುರುಚಲಿನ ನೆಲಗಳ ದೊಡ್ಡ ಪಾಲು ಅವುಗಳಲ್ಲಿ ಬಂಜರಾಗಿಯೇ ಕಾಣಿಸಿತು. ಸಸ್ಯವಿಜ್ಞಾನಿಗಳಾದ ದಬಡ್ಘಾವ್ ಮತ್ತು ಶಂಕರನಾರಾಯಣ 1973ರಲ್ಲೇ ಭಾರತದ ಹುಲ್ಲುನೆಲಗಳನ್ನು ಬಗೆ ಬಗೆಯಾಗಿ ಗುರುತಿಸಿ, ದಖನ್ ಸೇರಿದ ಪರ್ಯಾಯದ್ವೀಪದ್ದನ್ನು ಒಂದು ಪ್ರತ್ಯೇಕ ಸಮುದಾಯವೆಂದು ತೋರಿಸಿಕೊಟ್ಟಿದ್ದರು. ಆ ತಿಳಿವಳಿಕೆ ಪಹಣಿಯ ಕಾಲಮ್ಮಿಗೆ ಇಳಿಯಲಿಲ್ಲ.

ಇತ್ತ ದಂಡಿಗೆ ಎತ್ತು ಬೇಡವಾಗಿತ್ತು. ಹೊಲಕ್ಕೆ ಟ್ರ್ಯಾಕ್ಟರ್ ಬಂತು. ಹೆಚ್ಚು ಆಹಾರ ಬೆಳೆಯಿರಿ ಎಂಬ ಆಂದೋಲನದ ಕಾಲದಿಂದ ಕಾವಲುಗಳು ಉಳುಮೆಗೆ, ನಿವೇಶನಕ್ಕೆ, ಒತ್ತುವರಿಗೆ ತುಂಡು ತುಂಡಾಗಿ ಹೋದವು. ಅಜ್ಜಂಪುರ, ಬೀರೂರುಗಳ ಸಾಕಣೆ ಕೇಂದ್ರಗಳಲ್ಲಿ ತಳಿ ಉಳಿಯಿತು, ನೆಲ ಉಳಿಯಲಿಲ್ಲ.

ರಾಣೆಬೆನ್ನೂರಿನ ಕತೆಯನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಅದು ಅಮೃತಮಹಲ್ ಕಾವಲಲ್ಲ. ಹಿಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ನೆಲ. ಆದರೆ ಹುಲ್ಲುನೆಲವನ್ನು ಅರಣ್ಯವೆಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಇಲ್ಲ. ಚಿಗರಿಗಳಿಗೆಂದು 1974ರಲ್ಲಿ 119 ಚದರ ಕಿಲೋಮೀಟರ್ ನೆಲವನ್ನು ಅಭಯಾರಣ್ಯವೆಂದು ಘೋಷಿಸಿದರು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಅಲ್ಲಿನ ಹಕ್ಕಿಗಳನ್ನು ಶ್ರದ್ಧೆಯಿಂದ ದಾಖಲಿಸಿದರು, ಎರೆಭೂತ ಅಲ್ಲಿರುವುದನ್ನು ಪಕ್ಷಿಲೋಕದ ಗಮನಕ್ಕೆ ತಂದರು. ಅದೇ ನೆಲದ ಬಹುಭಾಗದಲ್ಲಿ ನೀಲಗಿರಿ ನೆಟ್ಟಿದ್ದರು, ನೆಡುತ್ತಲೇ ಹೋದರು. ಸಸಿಗಳು ಚಿಕ್ಕವಿದ್ದಾಗ ಸಾಲಿನ ನಡುವೆ ಹುಲ್ಲಿತ್ತು, ರಕ್ಷಣೆಯೂ ಇತ್ತು, ಚಿಗರಿ ಹೆಚ್ಚಿದವು. ಮರ ಬೆಳೆದು ನೋಟ ಮುಚ್ಚಿತು. ನಾಲ್ಕು ದಿಕ್ಕೂ ಕಾಣದ ಕಡೆ ಎರೆಭೂತ ನಿಲ್ಲದು. ಬೇಟೆಗಾರನ ಕೋವಿಯಿಲ್ಲದೆಯೇ, ಅಭಯಾರಣ್ಯದ ಬೇಲಿಯೊಳಗೇ, ಆ ಹಕ್ಕಿ ಇಲ್ಲವಾಯಿತು. ನೆಟ್ಟವರ ಮನಸ್ಸಿನಲ್ಲಿ ಕೆಡುಕು ಇರಲಿಲ್ಲ. ಮರ ನೆಡುವುದೇ ಪುಣ್ಯವೆಂದು ನಂಬಿದ ಕಾಲ ಅದು. ಬಯಲಿಗೂ ಒಂದು ಪುಣ್ಯವಿದೆಯೆಂದು ಹೇಳುವವರು ಬೆರಳೆಣಿಕೆಯಷ್ಟಿದ್ದರು.

ಎರೆಭೂತ ಎಂಬ ಹೆಸರಿನಲ್ಲೇ ಅದರ ವಿಳಾಸವಿದೆ: ಎರೆಮಣ್ಣಿನ ಬಯಲಿನದು. ರಾಜ್ಯದಲ್ಲಿ ಕೊನೆಯ ಬೆರಳೆಣಿಕೆಯ ಹಕ್ಕಿಗಳು ಕಂಡದ್ದು ಬಳ್ಳಾರಿಯ ಸಿರುಗುಪ್ಪ ಸೀಮೆಯಲ್ಲಿ. ಜೋಳ, ಶೇಂಗಾದ ಮಳೆಯಾಶ್ರಿತ ಹೊಲಗಳಲ್ಲಿ ಅವು ಮೇಯುತ್ತಿದ್ದವು. ಕಾಲುವೆ ನೀರು ಬಂದಲ್ಲಿ ಭತ್ತದ ಗದ್ದೆಯಾಯಿತು. ನೀರು ಬಾರದಲ್ಲಿ ವಿದ್ಯುತ್ ತಂತಿ ಹಾದವು. ಈ ಹಕ್ಕಿಯ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಎದುರಿನದು ಸರಿಯಾಗಿ ಕಾಣದು, ಭಾರದ ಮೈ ಥಟ್ಟನೆ ಹೊರಳದು. ತಂತಿಗೆ ಬಡಿದು ಸಾಯುವುದು ಅದಕ್ಕಿರುವ ದೊಡ್ಡ ಕುತ್ತು. ತಂತಿಗಳನ್ನು ನೆಲದಡಿ ಹಾಯಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ರಾಜಸ್ಥಾನ, ಗುಜರಾತಿನ ನೆಲೆಗಳ ಬಗ್ಗೆ ಆದೇಶ ಕೊಟ್ಟಿತು, 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಕಾವಲುಗಳ ಚರಿತ್ರೆಯ ಇತ್ತೀಚಿನ ದೊಡ್ಡ ತಿರುವು ಚಳ್ಳಕೆರೆಯದು. 2008ರಿಂದೀಚೆಗೆ ಅಲ್ಲಿನ ವರವು ಕಾವಲು, ಕುದಾಪುರ, ದೊಡ್ಡ ಉಳ್ಳಾರ್ತಿಯ ಸುತ್ತಲಿನ ಅಮೃತಮಹಲ್ ನೆಲದಲ್ಲಿ ಸಾವಿರಾರು ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಕುರಿ ಮೇಯಿಸಿ ಕಂಬಳಿ ನೇಯ್ದು ಬದುಕುವ ಊರುಗಳು ಎದ್ದು ಕೇಳಿದವು, ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. 2017ರಲ್ಲಿ ಅಲ್ಲಿ ವೈಮಾನಿಕ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. 2023ರಲ್ಲಿ ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ ಆ ಓಡುದಾರಿಯ ಮೇಲೆ ಇಳಿಯಿತು. ದೇಶಕ್ಕೆ ಅದು ಬೇಡವೆಂದು ನಾನು ವಾದಿಸಲಾರೆ. ಆದರೆ ಆಯ್ಕೆ ಹೇಗಾಯಿತು ಎಂದು ಕೇಳಲೇಬೇಕು. ಖಾಲಿ ಇದೆ ಎಂದು ಆರಿಸಿದ ಆ ನೆಲ ಎಂದೂ ಖಾಲಿ ಇರಲಿಲ್ಲ. ಕುರಿಮಂದೆಯೂ, ಅದರ ಹಿಂದೆ ಬರುವ ತೋಳವೂ, ಹುಲ್ಲಿನಲ್ಲಿ ಗೂಡಿಟ್ಟ ಹಕ್ಕಿಯೂ ಅಲ್ಲಿದ್ದವು.

ತೋಳನ ಬಗ್ಗೆ ಒಂದು ಮಾತು. ಭಾರತದಲ್ಲಿ ಅವುಗಳ ಸಂಖ್ಯೆ ಮೂರು ಸಾವಿರದ ಆಸುಪಾಸು ಎಂಬ ಅಂದಾಜಿದೆ, ಹುಲಿಗಿಂತ ಕಡಿಮೆ. ಹುಲಿಗೆ ಕಾಡಿದೆ, ತೋಳಕ್ಕೆ ಕುರುಬನ ಸಹನೆಯೊಂದೇ ಇದೆ. ಕುರಿ ಕಳೆದುಕೊಂಡರೂ ಬೈದು ಸುಮ್ಮನಾಗುವ ಕುರಿಗಾಹಿಗಳಿಂದ ಅದು ಇಷ್ಟಾದರೂ ಉಳಿದಿದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಇತ್ತೀಚೆಗೆ 332 ಹೆಕ್ಟೇರ್‌ನಷ್ಟು ನೆಲ ತೋಳಧಾಮವಾಗಿದೆ. ತೋಳ ಒಂದು ರಾತ್ರಿಯಲ್ಲಿ ದಾಟಿ ಹೋಗುವ ವಿಸ್ತಾರ ಅದು. ಸುತ್ತಲಿನ ಹೊಲ, ಗುಡ್ಡಗಳೂ ಅದಕ್ಕೆ ತೆರೆದಿದ್ದರೆ ಮಾತ್ರ ಪ್ರಯೋಜನ.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ‘ಸಂರಕ್ಷಣಾ ಮೀಸಲು’ ಎಂಬ ಹೊಸ ವರ್ಗವನ್ನು ಸೇರಿಸಿತು. ಅಭಯಾರಣ್ಯದಷ್ಟು ಬಿಗಿಯಲ್ಲದ, ಸುತ್ತಲಿನ ಜನರನ್ನು ಹೊರಗಿಡದ ಏರ್ಪಾಡು ಇದು. ಕಾವಲಿನ ಹಳೆಯ ಕ್ರಮಕ್ಕೆ ತೀರ ಹತ್ತಿರ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ವಿಸ್ತಾರ 798 ಎಕರೆ ಮಾತ್ರ, ಆದರೆ ಚಿಗರಿ ಹಿಂಡು ಹಿಂಡಾಗಿ ಕಾಣಸಿಗುತ್ತವೆ. 2011ರಲ್ಲಿ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೆ ಇದೇ ರಕ್ಷಣೆ ಸಿಕ್ಕಿತು, 736 ಹೆಕ್ಟೇರ್. ಬೆಂಗಳೂರಿನ ಮಗ್ಗುಲಲ್ಲೇ ಉಳಿದ ಹೆಸರಘಟ್ಟದ ಹುಲ್ಲುನೆಲಕ್ಕೆ ಮೀಸಲಿನ ಪ್ರಸ್ತಾವ 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯಲ್ಲಿ ತಿರಸ್ಕೃತವಾಗಿ, 2024ರಲ್ಲಿ 5,678 ಎಕರೆಗೆ ಒಪ್ಪಿಗೆ ಪಡೆಯಿತು.

ಈ ಮೀಸಲುಗಳಲ್ಲೂ ಹಳೆಯ ಅಭ್ಯಾಸ ಇಣುಕುತ್ತದೆ. ಹಸಿರು ಮಾಡುವ ಹುಮ್ಮಸ್ಸಿನಲ್ಲಿ ಹುಲ್ಲಿನ ನಡುವೆ ಸಸಿ ನೆಡುವುದು, ಇಂಗುಗುಂಡಿ ತೋಡಿ ನೆಲದ ಮೈ ಕೆದಕುವುದು ನಿಂತಿಲ್ಲ. ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ಲಂಟಾನ, ಬಳ್ಳಾರಿ ಜಾಲಿ ಏರಿ ಬರುತ್ತವೆ. ಮೇಯಿಸುವುದು ಮಿತಿ ಮೀರಿದರೆ ಹುಲ್ಲಿನ ಬುಡವೇ ಸಾಯುತ್ತದೆ. ಎಷ್ಟು ದನ, ಯಾವ ತಿಂಗಳು, ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕವೇ ಇಲ್ಲಿ ಸಂರಕ್ಷಣೆಯ ವಿಜ್ಞಾನ. ಅದನ್ನು ಹೊಸದಾಗಿ ಹುಡುಕುವ ಮೊದಲು ಅಮೃತಮಹಲ್ ಇಲಾಖೆಯ ಹಳೆಯ ದಫ್ತರಗಳನ್ನೂ, ಬಯಲಿನಲ್ಲಿ ಇಂದಿಗೂ ಹಿಂಡು ಹೊಡೆಯುವ ಗೊಲ್ಲ, ಕುರುಬ ಹಿರಿಯರನ್ನೂ ಕೇಳುವುದು ಒಳ್ಳೆಯದು.

ಚಳಿಗಾಲದಲ್ಲಿ ಕಜಾಕಸ್ತಾನದ ಬಯಲುಗಳಿಂದ ಹಾರಿಬರುವ ಹ್ಯಾರಿಯರ್ ಗಿಡುಗಗಳು ಈ ಹುಲ್ಲುನೆಲಗಳಿಗೆ ಇಳಿಯುತ್ತವೆ. ಅವು ಮರದ ಮೇಲೆ ಮಲಗುವ ಹಕ್ಕಿಗಳಲ್ಲ. ಹೊತ್ತು ಮುಳುಗುವಾಗ ಒಂದೊಂದಾಗಿ ಬಂದು, ಮೊಣಕಾಲೆತ್ತರದ ಒಣಹುಲ್ಲಿನೊಳಗೆ ಇಳಿದು, ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ.