ಹಬಶಿ ನಾಡಿನ ಹುಣಸೆ

ವಿಜಯಪುರದ ಯೋಗಾಪುರದಲ್ಲಿ, ದರ್ಗಾದ ಬಳಿ, ಕಣಜದಷ್ಟು ದಪ್ಪ ಬುಡದ ಮರವೊಂದಿದೆ. ತೊಗಟೆ ಆನೆಯ ಚರ್ಮದಂತೆ ಬೂದು, ಸುಕ್ಕುಸುಕ್ಕು. ಎಲೆ ಉದುರಿಸಿ ನಿಂತಾಗ ಬೇರು ಮೇಲೆ ಮಾಡಿ ನೆಟ್ಟಂತೆ ಕಾಣುತ್ತದೆ. ಮಳೆಗಾಲದಲ್ಲಿ ಅಂಗೈ ಬಿಚ್ಚಿದಂಥ ಎಲೆ, ಉದ್ದ ತೊಟ್ಟಿಗೆ ಜೋತುಬಿದ್ದ ಕಾಯಿ. ಒಡೆದರೆ ಒಳಗೆ ಹಿಟ್ಟುಹಿಟ್ಟಾದ ಹುಳಿ ತಿರುಳು. ಆ ಹುಳಿಗೇ ಜನ ಇದನ್ನು ದೊಡ್ಡ ಹುಣಸೆ, ಗೋರಖ ಹುಣಸೆ ಎಂದರು. ಕುಲದಲ್ಲಿ ಇದು ಬೂರುಗದ ಬಳಗ. ತವರು ಆಫ್ರಿಕಾ, ಹೊರಗಿನವರ ಬಾಯಲ್ಲಿ ಬಾವೊಬಾಬ್.

ಆಫ್ರಿಕಾ ಈ ಊರಿಗೆ ಪರಕೀಯವಾಗಿರಲಿಲ್ಲ. ಇಲ್ಲಿನ ಸುಲ್ತಾನ ಎರಡನೆಯ ಇಬ್ರಾಹಿಂ ಇನ್ನೂ ಬಾಲಕನಾಗಿದ್ದಾಗ, 1582ರಿಂದ 1590ರವರೆಗೆ, ಆದಿಲ್‌ಶಾಹಿ ದರಬಾರು ನಡೆದದ್ದು ಹಬಶಿ, ಎಂದರೆ ಆಫ್ರಿಕಾ ಮೂಲದ, ದಿಲಾವರ್ ಖಾನನ ಮಾತಿನಂತೆ. ಮುಂದೆ ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಪ್ರಧಾನಿ ಇಖ್ಲಾಸ್ ಖಾನ್ ಕೂಡ ಹಬಶಿಯೇ. ಈ ಸುಲ್ತಾನ, ಪ್ರಧಾನಿ ಇಬ್ಬರೂ ಒಂದೇ ಆನೆಯ ಮೇಲೆ ಕೂತ ಚಿತ್ರ ಇಂದಿಗೂ ಉಳಿದಿದೆ. ಜನ ಬಂದ ಕಡಲದಾರಿಯಲ್ಲೇ ಬೀಜವೂ ಬಂತು.

ಇದಕ್ಕೆ ಮರದೊಳಗೇ ಸಾಕ್ಷಿಯಿದೆ. ಕ್ಯಾರೆನ್ ಬೆಲ್, ಹರಿಪ್ರಿಯಾ ರಂಗನ್ ಮತ್ತು ಸಂಗಡಿಗರು ಭಾರತದ ಮರಗಳ ವಂಶವಾಹಿಯನ್ನು ಆಫ್ರಿಕಾದ ಮರಗಳೊಂದಿಗೆ ಹೋಲಿಸಿ 2015ರಲ್ಲಿ ಪ್ರಕಟಿಸಿದರು. ಬೀಜ ಬಂದದ್ದು ಒಂದೇ ಸಲವಲ್ಲ, ಹಲವು ಬಾರಿ. ಭಾರತದ ಮರಗಳ ಅತಿ ಹತ್ತಿರದ ನಂಟು ಮೊಂಬಾಸಾದಿಂದ ದಾರ್ ಎಸ್ ಸಲಾಮ್‌ವರೆಗಿನ ಕರಾವಳಿಗೆ.

ತವರಲ್ಲಿ ಮಾತ್ರ ಸುದ್ದಿ ಒಳ್ಳೆಯದಲ್ಲ. 2018ರ ಅಧ್ಯಯನದ ಪ್ರಕಾರ ಆಫ್ರಿಕಾದ 13 ಅತಿ ಹಳೆಯ ಬಾವೊಬಾಬ್‌ಗಳಲ್ಲಿ 9 ಮರಗಳು ಹನ್ನೆರಡೇ ವರ್ಷಗಳಲ್ಲಿ ಪೂರ್ತಿಯಾಗಿ ಇಲ್ಲವೇ ಭಾಗಶಃ ಸತ್ತವು. ಹಾಗಿರುವಾಗ ಕಡಲಾಚೆಯ ಈ ಕುಡಿಗಳ ಲೆಕ್ಕ ಇಡಬೇಡವೇ? ಇಲ್ಲಿ ಗುಮ್ಮಟದ ಅಳತೆ ಶಾಲೆಯ ಮಕ್ಕಳಿಗೂ ಬಾಯಿಪಾಠ. ಮರದ ಸುತ್ತಳತೆಗೂ ಅದೇ ಮರ್ಯಾದೆ ಸಿಗಬೇಕು. ಸಂಜೆಗೆ ಅರಳಿ ಮರುದಿನ ಬಾಡುವ ಅದರ ಬಿಳಿ ಹೂವಿಗೆ ಆಫ್ರಿಕಾದಲ್ಲಿ ಬಾವಲಿ ಬರುತ್ತದೆ. ಇಲ್ಲಿ ಯಾವುದು ಬರುತ್ತದೆಂದು ಯಾರಾದರೂ ರಾತ್ರಿ ಕೂತು ನೋಡಿ ಬರೆದಿಡಬೇಕು. ಬೀಜ ಕೂಡಿಟ್ಟು ಸಸಿ ಮಾಡಬೇಕು. 2002ರ ಜೀವವೈವಿಧ್ಯ ಕಾಯ್ದೆ ಊರೂರಿನ ಜೀವಸಂಪತ್ತನ್ನು ದಾಖಲಿಸಲು ಜನತಾ ದಾಖಲಾತಿಯ ದಾರಿ ಕೊಟ್ಟಿದೆ. ಅದೇ ಕಾಯ್ದೆಯಡಿ ದೇವನಹಳ್ಳಿ ಹತ್ತಿರದ ನಲ್ಲೂರಿನ ಮಾಮೂಲಿ ಹುಣಸೆಯ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಬಾವೊಬಾಬ್‌ನ ಮೂರು ಮರಗಳಿವೆ. 2023ರ ಮಳೆಗೆ ಅದರಲ್ಲೊಂದು ಬುಡಸಮೇತ ಉರುಳಿತು. ಊರು ಅದನ್ನು ಸೌದೆಗೆ ಬಿಡಲಿಲ್ಲ. ಕ್ರೇನ್ ತರಿಸಿ ಎತ್ತಿ, ಮತ್ತೆ ಮಣ್ಣಿಗೆ ಊರಲಾಯಿತು.